ಅದು ಲಾಖಿ ಅಲ್ಲ ಸರ್, ವೈಸ್‌ನಲ್ಲಿ ಒತ್ತಿದ್ದು

ಸರ್, ನೀವು ಗುಂಪಲ್ಲಿ ಫೋಟೊ ಹಾಕಿರೋ 1998ರ ಒಂದು ರೂಪಾಯಿ ಸ್ಟೀಲ್ ನಾಣ್ಯದ ಬಗ್ಗೆ. ಸಿಂಹದ ಬದಿಯಲ್ಲಿ ಉಲ್ಟಾ ‘1’ ಮತ್ತು ತೆನೆ ಒಳಗಿಳಿದು ಕೂತಿದೆ, ಮಾರೋನು ಲಾಖಿ (ಟಂಕಸಾಲೆಯಲ್ಲೇ ತಪ್ಪಿ, ಒಂದೇ ಚಿತ್ರ ಒಂದು ಬದಿ ಉಬ್ಬಿ ಇನ್ನೊಂದು ಬದಿ ಉಲ್ಟಾ ತಗ್ಗಿ ಬಂದ ನಾಣ್ಯ) ಅಂತ ಆರು ಸಾವಿರ ಹೇಳ್ತಿದಾನೆ, ತಗೊಳ್ಲಾ ಅಂತ ಕೇಳಿದೀರಿ. ದುಡ್ಡು ಇನ್ನೂ ಕೊಟ್ಟಿಲ್ಲ ತಾನೆ? ಕೊಡಬೇಡಿ. ಅದು ವೈಸ್‌ನಲ್ಲಿ, ಅಂದ್ರೆ ವರ್ಕ್‌ಶಾಪಿನ ಬಿಗಿಯೋ ಇಕ್ಕಳದಲ್ಲಿ, ಒತ್ತಿದ್ದು. ಇದೇ ಹಳ್ಳಕ್ಕೆ ನಾನೂ ಬಿದ್ದು ಎದ್ದವನು, ಅದಕ್ಕೇ ಇಷ್ಟುದ್ದ ಬರೀತಿರೋದು. ಮೇಲೆ ಕಮೆಂಟಲ್ಲಿ ‘ಸೂಪರ್, ತುಂಬಾ ರೇರ್’ ಅಂದವರು ಯಾರೂ ಎರಡನೇ ಫೋಟೊ ದೊಡ್ಡದು ಮಾಡಿ ನೋಡಿದ ಹಾಗಿಲ್ಲ.

ಲಾಖಿಯಲ್ಲಿ ಹಿಂದೆ ಹೊಡೆದ ನಾಣ್ಯ ಡೈಗೆ, ಅಂದ್ರೆ ಚಿತ್ರ ಕೆತ್ತಿದ ಅಚ್ಚಿಗೆ, ಕಚ್ಚಿಕೊಂಡಿರುತ್ತೆ. ಮುಂದಿನ ಬ್ಲಾಂಕ್‌ಗೆ (ಇನ್ನೂ ಚಿತ್ರ ಬೀಳದ ಬಿಲ್ಲೆಗೆ) ಆ ಕಡೆಯ ಡೈ ಮುಟ್ಟೋದೇ ಇಲ್ಲ, ನಾಣ್ಯದ ಮುಖ ಮುಟ್ಟುತ್ತೆ. ಹಾಗಾಗಿ ಎರಡೂ ಬದಿ ಒಂದೇ ಚಿತ್ರ ಬರಬೇಕು. ಒಂದು ಬದಿ ನೆಟ್ಟಗೆ ಉಬ್ಬಿದ ‘1’, ಇನ್ನೊಂದು ಬದಿ ಉಲ್ಟಾ ತಗ್ಗಿದ ‘1’. ಒಂದು ಬದಿ ನೆಟ್ಟಗಿನ ಸಿಂಹ, ಇನ್ನೊಂದು ಬದಿ ಉಲ್ಟಾ ‘1’ ಇದ್ರೆ ಅಲ್ಲೇ ಕೆಳಗಿಡಿ, ಒಂದೇ ಏಟಿಗೆ ಅದು ಆಗಲ್ಲ. ನಿಮ್ಮದರಲ್ಲಿ ಹಿಂದುಗಡೆ ನೆಟ್ಟಗಿನ ‘1’ ಇದೆ, ಜೋಡಿಯೇನೋ ಸರಿ ಇದೆ. ಆದ್ರೆ ಉಲ್ಟಾ ‘1’ರ ಅಡಿಯಲ್ಲಿ ಸಿಂಹ ಯಾಕಿದೆ? ಸಿಂಹದ ಡೈ ಆ ಬ್ಲಾಂಕನ್ನ ಮುಟ್ಟೇ ಇಲ್ಲ ಅನ್ನೋದಾದ್ರೆ ಸಿಂಹ ಬರೋದೆಲ್ಲಿಂದ? ಎರಡು ಸಲ ಏಟು ಬಿದ್ದಿದೆ ಅಂತ ವಾದ ಮಾಡ್ತಾರೆ. ಹಾಗೆ ಆಗೋದುಂಟು, ಆದ್ರೆ ಎರಡನೇ ಏಟಿನ ಬಲಕ್ಕೆ ಮೊದಲಿನ ಸಿಂಹ ಹೆಚ್ಚುಕಮ್ಮಿ ಅಳಿಸಿಹೋಗಿರುತ್ತೆ. ಸತ್ಯಮೇವ ಜಯತೇ ಓದೋ ಹಾಗೆ ಉಳಿದಿರಲ್ಲ.

‘ಹಾಗಾದ್ರೆ ಡೈ ಕ್ಲ್ಯಾಶ್ ಇರಬಹುದು’ ಅಂತ ಇನ್ನೊಬ್ಬರು ಬರೆದಿದಾರೆ. ಅದೂ ಅಲ್ಲ. ಬ್ಲಾಂಕ್ ಇಲ್ಲದೆ ಎರಡು ಡೈ ಗುದ್ದಿಕೊಂಡಾಗ ಮುಟ್ಟೋದು ಡೈಯ ಸಮತಟ್ಟು ಜಾಗ ಮಾತ್ರ. ಡೈಯಲ್ಲಿ ಸಿಂಹ ಅನ್ನೋದು ಒಂದು ಗುಂಡಿ, ಗುಂಡಿಯ ತಳಕ್ಕೆ ಪೆಟ್ಟು ಬೀಳಲ್ಲ. ಆದ್ದರಿಂದ ಕ್ಲ್ಯಾಶ್ ಗುರುತು ಸಿಂಹದ ಸುತ್ತ ಖಾಲಿ ಜಾಗದಲ್ಲಿ ತೆಳ್ಳಗೆ ಕಾಣುತ್ತೆ, ಸಿಂಹದ ಮೈಮೇಲೆ ಹತ್ತಲ್ಲ. ವೈಸ್‌ನಲ್ಲಿ ಎರಡು ನಾಣ್ಯ ಎದುರುಬದುರು ಇಟ್ಟು ಬಿಗಿದ್ರೆ ಆಗೋದು ಇದರ ತದ್ವಿರುದ್ಧ: ಎತ್ತರ ಇರೋದೇ ಮೊದಲು ಜಜ್ಜಿಹೋಗುತ್ತೆ. ನಿಮ್ಮ ಎರಡನೇ ಫೋಟೊದಲ್ಲಿ ನಡುವಿನ ಸಿಂಹದ ಮುಖ ನೋಡಿ. ಮೂತಿ ಚಪ್ಪಟೆಯಾಗಿ ಕನ್ನಡಿ ಥರ ಹೊಳೀತಿದೆ, ಅದರ ಮೇಲೇ ‘1’ರ ಅಂಚು ಅಡ್ಡ ಹೋಗಿದೆ. ಇನ್ನೇನು ಬೇಕು?

ಇನ್ನೂ ಅನುಮಾನ ಇದ್ರೆ ನಾಣ್ಯ ತರಿಸಿ, ದುಡ್ಡು ಕೊಡೋ ಮುಂಚೆ ಹೀಗೆ ನೋಡಿ. ಕೋಣೆ ಲೈಟ್ ಆರಿಸಿ, ಟಾರ್ಚನ್ನ ಮೇಜಿಗೆ ತಾಗಿಸಿ ಪಕ್ಕದಿಂದ ಹಿಡೀರಿ, ನಾಣ್ಯ ನಿಧಾನಕ್ಕೆ ತಿರುಗಿಸಿ. ನಿಜವಾದ ಲಾಖಿಯಲ್ಲಿ ಮೊದಲ ಏಟಿನ ತಗ್ಗು, ಹಿಂದಿನ ಉಬ್ಬಿನಷ್ಟೇ ಆಳ ಇರುತ್ತೆ, ತಗ್ಗಿನ ತಳದಲ್ಲೂ ಸುತ್ತಲಿನ ಹೊಳಪೇ ಇರುತ್ತೆ. ಆಮೇಲಿನ ಏಟುಗಳಲ್ಲಿ ಕಚ್ಚಿಕೊಂಡ ನಾಣ್ಯ ಹರಡ್ತಾ ಹೋಗೋದ್ರಿಂದ ಚಿತ್ರ ದೊಡ್ಡದಾಗಿ ಮಸುಕಾಗುತ್ತೆ. ಸ್ಟೀಲ್ ಮೇಲೆ ಸ್ಟೀಲ್ ಒತ್ತಿದ್ರೆ ಆಳ ಇಳಿಯೋದೇ ಇಲ್ಲ, ಬರೀ ಗೀರಿದ ಹಾಗೆ ಅಂಚಷ್ಟೇ ಮೂಡುತ್ತೆ. ಹಿಂಬದಿಯನ್ನೂ ಮರೀಬೇಡಿ. ಚರ್ಮದ ತುಂಡು ಇಟ್ಟು ಬಿಗಿದಿದ್ರೂ ‘1’ರ ನೆತ್ತಿ ಸವೆದ ಹಾಗೆ ಕಾಣುತ್ತೆ, ಸುತ್ತಲಿನ ತೆನೆ ಮಾತ್ರ ಹೊಸದಾಗೇ ಇರುತ್ತೆ. ಚಲಾವಣೆಯಲ್ಲಿ ಸವೆದಿದ್ರೆ ಎಲ್ಲವೂ ಒಟ್ಟಿಗೆ ಸವೆದಿರಬೇಕಿತ್ತು.

ಫೋಟೊ ತಿರುಗಿಸಿ ಒಂದರ ಮೇಲೊಂದು ಇಟ್ಟು ‘ಸೈಜ್ ಮ್ಯಾಚ್ ಆಗುತ್ತೆ’ ಅನ್ನೋದು ಸಾಕ್ಷಿಯಲ್ಲ, ಒತ್ತಿದ್ದೂ ಮ್ಯಾಚ್ ಆಗುತ್ತೆ. ‘ತೂಕ ಸರಿಯಾಗಿ 4.85 ಗ್ರಾಂ ಇದೆ’ ಅನ್ನೋದಂತೂ ಇಲ್ಲಿ ಮೂರು ಕಾಸಿನ ಮಾತು. ಒತ್ತಿದ್ರೆ ತೂಕ ಎಲ್ಲಿಗೆ ಹೋಗುತ್ತೆ? ರೈಲು ಹಳಿ ಮೇಲಿಟ್ಟು ಚಪ್ಪಟೆ ಮಾಡಿ ಬ್ರಾಡ್‌ಸ್ಟ್ರೈಕ್ (ಸುತ್ತ ಹಿಡಿಯೋ ಬಳೆ ಇಲ್ಲದೆ ಹೊಡೆದು ಹರಡಿದ ನಾಣ್ಯ) ಅಂತ ಮಾರೋದಕ್ಕೂ ತೂಕ ಸರಿ ಇರುತ್ತೆ. ಬ್ರಾಡ್‌ಸ್ಟ್ರೈಕ್‌ನಲ್ಲಿ ಚಿತ್ರ ತುಂಬಿಕೊಂಡು ಬಂದಿರುತ್ತೆ, ಅಂಚಷ್ಟೇ ಹರಡಿರುತ್ತೆ. ಹಳಿಯ ನಾಣ್ಯದಲ್ಲಿ ಚಿತ್ರವೇ ಒಂದು ದಿಕ್ಕಿಗೆ ಎಳೆದುಹೋಗಿರುತ್ತೆ.

ತೂಕ ಬೇಕಾಗೋದು ಬೇರೆ ಕಡೆ, ಒಂದು ಬೆಲೆಯ ಡೈ ಇನ್ನೊಂದರ ಬ್ಲಾಂಕ್ ಮೇಲೆ ಬಿದ್ದಿದೆ ಅಂದಾಗ. 2011ರ ಸರಣಿಯ ಎರಡು ರೂಪಾಯಿ 25 ಮಿ.ಮೀ., 4.85 ಗ್ರಾಂ. ಅದೇ ಸರಣಿಯ ಒಂದು ರೂಪಾಯಿ ಬ್ಲಾಂಕ್ ಮೇಲೆ ಎರಡರ ಡೈ ಬಿದ್ದಿದೆ ಅಂದ್ರೆ 22 ಮಿ.ಮೀ., 3.79 ಗ್ರಾಂ ಹತ್ತಿರ ಬರಬೇಕು, ಚಿತ್ರದ ಅಂಚು ಸುತ್ತಲೂ ಹೊರಗೆ ಹೋಗಿರಬೇಕು. ಮಧ್ಯದ ಯಾವುದೋ ತೂಕ ಬಂದ್ರೆ ಅರ ಹಾಕಿ ಉಜ್ಜಿದಾರೆ ಅಂತ ಅರ್ಥ. 0.01 ಗ್ರಾಂ ತೋರಿಸೋ ಪಾಕೆಟ್ ತಕ್ಕಡಿ ಸಾಕು, ಆದ್ರೆ ಪ್ರತಿ ಸಲ ತೂಕದ ಬಟ್ಟಿಟ್ಟು ಸರಿ ಮಾಡ್ಕೊಳಿ. ಕೆಂಪಗಿರೋ ಹಿತ್ತಾಳೆ ಐದು ರೂಪಾಯಿ ‘ತಾಮ್ರದ ಎರರ್’ ಅಂತ ವಾರಕ್ಕೊಂದು ಇಲ್ಲಿ ಬರುತ್ತೆ. ಮಣ್ಣಲ್ಲೋ ಆಸಿಡ್‌ನಲ್ಲೋ ಮೇಲ್ಮೈಯ ಸತು ಕರಗಿಹೋದ್ರೆ ಕೆಂಪಾಗೇ ಆಗುತ್ತೆ ಸ್ವಾಮಿ, ಬಿಟ್ಟುಬಿಡಿ ಅದನ್ನ.

ಕ್ಲಿಪ್ (ಅಂಚಲ್ಲಿ ತುಂಡು ಕಚ್ಚಿಹೋದ ನಾಣ್ಯ) ತಗೊಳೋರಿಗೆ ಒಂದು ಮಾತು. ಕಚ್ಚಿದ ಜಾಗಕ್ಕೆ ನೇರ ಎದುರಿನ ಅಂಚು ಮಂಕಾಗಿದೆಯಾ ನೋಡಿ. ಬ್ಲಾಂಕ್‌ನಲ್ಲೇ ತುಂಡು ಇಲ್ಲದಿದ್ರೆ ರಿಮ್ ಎತ್ತೋವಾಗ ಎದುರುಗಡೆ ಒತ್ತಡ ಸಿಗಲ್ಲ. ಎಲ್ಲದರಲ್ಲೂ ಕಾಣಲ್ಲ, ಆದ್ರೆ ಕಂಡ್ರೆ ಒಳ್ಳೆ ಲಕ್ಷಣ. ಕ್ಲಿಪ್ ಪಕ್ಕದ ಅಕ್ಷರ ಮೆಲ್ಲಗೆ ಕರಗಿದ ಹಾಗಿರಬೇಕು. ಬ್ಲೇಡಲ್ಲಿ ಕೊಯ್ದ ಹಾಗೆ ಅರ್ಧಕ್ಕೆ ನಿಂತಿದ್ರೆ ಆಮೇಲೆ ಕತ್ತರಿಸಿದ್ದು.

ಹತ್ತು ರೂಪಾಯಿಯಲ್ಲಿ ಮೋಸ ಜಾಸ್ತಿ. ಸಿಂಹ ವಾಲಿದೆ, ಹೊರಬಳೆಯ ‘ಇಂಡಿಯಾ’ ಮಾತ್ರ ನೆಟ್ಟಗಿದೆ ಅಂದ್ರೆ ನಡುವಿನ ಬಿಲ್ಲೆ ಕಿತ್ತು ತಿರುಗಿಸಿ ಕೂರಿಸಿದಾರೆ. ಬಳೆಗೂ ಬಿಲ್ಲೆಗೂ ಒಂದೇ ಡೈ, ಒಂದೇ ಏಟು. ಒಂದು ವಾಲಿದ್ರೆ ಎರಡೂ ವಾಲಬೇಕು. ನಾಣ್ಯ ಕರಗಿಸೋದು, ಹಾಳು ಮಾಡೋದು 2011ರ ನಾಣ್ಯ ಕಾಯ್ದೆಯಲ್ಲಿ ಅಪರಾಧ ಅಂತಲೂ ಇವರಿಗೆ ಪರಿವೆ ಇಲ್ಲ.

ಲೂಪ್ (ಕಣ್ಣಿಗೆ ಹಿಡಿದು ನೋಡೋ ಭೂತಗನ್ನಡಿ) ವಿಷಯ: ಆನ್‌ಲೈನ್‌ನಲ್ಲಿ ಇನ್ನೂರು ರೂಪಾಯಿಗೆ ಸಿಗೋ ‘60ಎಕ್ಸ್’ ಡಬ್ಬಿಗಳು ಆಟದ ಸಾಮಾನು. ಹತ್ತು ಪಟ್ಟು ದೊಡ್ಡದು ತೋರಿಸೋ, ಮೂರು ಗಾಜು ಸೇರಿಸಿದ 10ಎಕ್ಸ್ ಟ್ರಿಪ್ಲೆಟ್ ಒಂದು ತಗೊಳಿ. ಬಾಶ್ ಅಂಡ್ ಲೋಂಬ್ ಕಂಪನಿಯದ್ದಾದ್ರೆ ಜೀವಮಾನ ಬರುತ್ತೆ. ಅದರಲ್ಲಿ ನೋಡಿದ್ರೆ ಡೈ ಕ್ರ್ಯಾಕ್ (ಡೈ ಬಿರುಕಿನಿಂದ ಮೂಡಿದ ಗೆರೆ) ಯಾವಾಗ್ಲೂ ಉಬ್ಬಿರುತ್ತೆ, ಗೀರು ತಗ್ಗಿರುತ್ತೆ. ಅರ್ಧ ಗುಂಪಿನ ಜಗಳ ಇಷ್ಟಕ್ಕೇ ಮುಗಿಯುತ್ತೆ.

ಮತ್ತೆ, ದಯವಿಟ್ಟು ಉಜ್ಜಬೇಡಿ. ಹುಣಸೆಹಣ್ಣು, ಪೀತಾಂಬರಿ, ಬ್ರಾಸೋ ಯಾವುದೂ ಬೇಡ. ಜಿಡ್ಡಿದ್ರೆ ಕೆಮಿಕಲ್ ಅಂಗಡಿಯ ಶುದ್ಧ ಅಸಿಟೋನ್‌ನಲ್ಲಿ ಎರಡು ನಿಮಿಷ ಮುಳುಗಿಸಿ ತೆಗೀರಿ, ಬಟ್ಟೆ ಮುಟ್ಟಿಸಬೇಡಿ, ಹತ್ತಿರ ದೀಪ, ಗ್ಯಾಸ್ ಇರಬಾರದು. ನೇಲ್ ಪಾಲಿಶ್ ರಿಮೂವರ್‌ನಲ್ಲಿ ಎಣ್ಣೆ, ಬಣ್ಣ ಬೆರೆಸಿರ್ತಾರೆ, ಅದು ಬೇರೆ. ಪಿವಿಸಿ ಕವರ್‌ನಲ್ಲಿಟ್ಟಿರೋ ತಾಮ್ರ-ನಿಕ್ಕಲ್ ನಾಣ್ಯಗಳನ್ನ ಇವತ್ತೇ ತೆಗೀರಿ, ಹಸಿರು ಜಿಗುಟು ಹಿಡಿಯುತ್ತೆ. ಮೈಲಾರ್ (ಪಾರದರ್ಶಕ ಪಾಲಿಯೆಸ್ಟರ್ ಹಾಳೆ) ಕಿಟಕಿ ಇರೋ ರಟ್ಟಿನ ಹೋಲ್ಡರ್ ವಾಸಿ. ಸ್ಟೇಪಲ್ ಹೊಡೆದ ಮೇಲೆ ಪಕ್ಕಡ್‌ನಲ್ಲಿ ಪಿನ್ನು ಚಪ್ಪಟೆ ಮಾಡಿ, ಇಲ್ಲಾಂದ್ರೆ ಆಲ್ಬಮ್‌ನಲ್ಲಿ ಪಕ್ಕದ ನಾಣ್ಯವನ್ನ ಅದೇ ಗೀರುತ್ತೆ.