ಕಾಲಿಗೆ ಮೊದಲು ಕೇಳಿಸಿದ ಹಾಡು

ಮೈಸೂರಿನ ನಿವೃತ್ತ ವೈದ್ಯರೊಬ್ಬರ ಪತ್ರ: "ಎಪ್ಪತ್ತರ ದಶಕದಲ್ಲಿ ನಾನು ಇಂಗ್ಲೆಂಡಿನ ಲ್ಯಾಂಕಾಶೈರ್ ಕಡೆಯ ಆಸ್ಪತ್ರೆಯೊಂದರಲ್ಲಿ ಕಿರಿಯ ವೈದ್ಯನಾಗಿದ್ದೆ. ಒಂದು ಶನಿವಾರ ನಡುರಾತ್ರಿ ಜೊತೆಯವರು ವಿಗನ್ ಕ್ಯಾಸಿನೋ ಎಂಬ ಕುಣಿತದ ಸಭಾಂಗಣಕ್ಕೆ ಕರೆದೊಯ್ದರು. ಅಮೆರಿಕದ ಕಪ್ಪು ಗಾಯಕರ ಹಳೆಯ 'ಸೋಲ್' ಹಾಡುಗಳಿಗೆ ಬೆಳಗಿನವರೆಗೆ ಕುಣಿದೆ. ಅವುಗಳಲ್ಲೊಂದು ಕಿವಿಗೆ ಬಿದ್ದರೆ ಈಗಲೂ ಅಡುಗೆಮನೆಯಲ್ಲೇ ಹೆಜ್ಜೆ ಹಾಕುತ್ತೇನೆ. ಅದು ಕಪ್ಪು ಜನರ ನೋವಿನ ಸಂಗೀತ, ಕುಳಿತು ಕೇಳಬೇಕು, ಕುಣಿಯುವುದು ಅಗೌರವ ಎನ್ನುತ್ತಾರೆ ನಮ್ಮ ಅಳಿಯ. ಈ ವಯಸ್ಸಿನಲ್ಲಿ ನನ್ನದು ಹುಚ್ಚೇ? ಕ್ಷಮೆಯಿರಲಿ."

ಡಾಕ್ಟರೇ, ಕ್ಷಮೆ ಯಾಕೆ ಕೇಳಿದಿರಿ? ಆ ಒಂದು ಮಾತಿಗೆ ನಿಮ್ಮ ಮೇಲೆ ನನಗೆ ಬೇಸರ.

ನಿಮ್ಮ ಅಳಿಯಂದಿರ ಮಾತು ಪೂರ್ತಿ ಸುಳ್ಳಲ್ಲ. ಡೆಟ್ರಾಯಿಟ್‌ನ ಮೋಟೌನ್ ಎಂಬ ಸೋಲ್ ರೆಕಾರ್ಡ್ ಕಂಪನಿಯ ಹಾಡುಗಳಿಗೆ ಬೇಸ್ ಗಿಟಾರ್ ನುಡಿಸಿದ ಜೇಮ್ಸ್ ಜೇಮರ್‌ಸನ್ ಮತ್ತು ಸಂಗಡಿಗರ ಹೆಸರು ಆ ಕಂಪನಿಯ ರೆಕಾರ್ಡಿನ ಹೊದಿಕೆಯ ಮೇಲೆ ಕಾಣಿಸಿಕೊಂಡದ್ದೇ 1971ರಲ್ಲಿ. ಕುಣಿದವರು ಅವರು ಯಾರೆಂದು ವಿಚಾರಿಸಲಿಲ್ಲ. ಕುಳಿತು ಕೇಳಿದವರು ಹುಡುಕಿ ತೆಗೆದರು. ಅವರಿಗೆ ನಮಸ್ಕಾರ.

ಆದರೆ ಅಗೌರವವೇ? ಕಾರಿನ ಕಾರ್ಖಾನೆಯಲ್ಲಿ ದುಡಿದ ಬೆರಿ ಗೋರ್ಡಿ 1959ರಲ್ಲಿ ಮನೆಯವರಿಂದ 800 ಡಾಲರ್ ಸಾಲ ಪಡೆದು ಕಟ್ಟಿದ ಕಂಪನಿ ಅದು. ಅಲ್ಲಿಂದ 1964ರಲ್ಲಿ ಬಂದ, ಸುಪ್ರೀಮ್ಸ್ ತಂಡದ 'ವೇರ್ ಡಿಡ್ ಅವರ್ ಲವ್ ಗೋ' ಹಾಡನ್ನು ಮನೆಯಲ್ಲಿ ಹಾಕಿಸಿ. ಶುರುವಿನಲ್ಲೇ ಧಪ್ ಧಪ್ ಎಂದು ಕೇಳುತ್ತದಲ್ಲ, ಅದು ಡ್ರಮ್ ಅಲ್ಲ. ಹಲಗೆಯ ಮೇಲೆ ಬೂಟುಗಾಲು ಬಡಿದ ಸದ್ದು. ಕುಣಿತ ಆ ರೆಕಾರ್ಡಿನೊಳಗೇ ಅಚ್ಚಾಗಿದೆ. ಅದಕ್ಕೆ ಕೈಕಟ್ಟಿ ಕುಳಿತುಕೊಳ್ಳುವುದು ಹೇಗೆ? ಇನ್ನು ನೋವಿನ ವಿಷಯ. ಅಮೆರಿಕದ ದಕ್ಷಿಣದ ಸಭಾಂಗಣಗಳಲ್ಲಿ ಕಪ್ಪು ಜನರಿಗೂ ಬಿಳಿಯರಿಗೂ ನಡುವೆ ಹಗ್ಗ ಎಳೆದು ಕಟ್ಟುತ್ತಿದ್ದರು. ಕುಣಿತ ಏರಿದ ರಾತ್ರಿಗಳಲ್ಲಿ ಆ ಹಗ್ಗ ಬಿದ್ದುಹೋಗುತ್ತಿತ್ತು ಎಂದು ಅಂದಿನ ಕಲಾವಿದರು ಹಲವರು ನೆನೆದಿದ್ದಾರೆ.

ನೀವು ಕುಣಿದ ವಿಗನ್ ಕಲ್ಲಿದ್ದಲು ಮತ್ತು ಹತ್ತಿಗಿರಣಿಗಳ ಊರು. 1973ರ ಸೆಪ್ಟೆಂಬರಿನಿಂದ 1981ರ ಡಿಸೆಂಬರಿನವರೆಗೆ ಅಲ್ಲಿ ಇಡೀ ರಾತ್ರಿಯ ಕುಣಿತ ನಡೆಯಿತು. ಮದ್ಯವಿಲ್ಲ. ಕಾಲು ಜಾರಲೆಂದು ನೆಲಕ್ಕೆ ಪೌಡರ್ ಉದುರಿಸುತ್ತಿದ್ದರು, ನಿಮಗೆ ನೆನಪಿರಬೇಕು. ವಾರವಿಡೀ ಯಂತ್ರದ ಮುಂದೆ ನಿಂತ ಹುಡುಗ ಹುಡುಗಿಯರು ಕೇಳುತ್ತಿದ್ದದ್ದು ಅಮೆರಿಕದವರೇ ಮರೆತ ಹಾಡುಗಳನ್ನು. ಫ್ರಾಂಕ್ ವಿಲ್ಸನ್ ಹಾಡಿದ 'ಡೂ ಐ ಲವ್ ಯೂ' 1965ರಲ್ಲಿ ಅಚ್ಚಾಗಿ, ಬಿಡುಗಡೆಗೆ ಮೊದಲೇ ಪ್ರತಿಗಳು ನಾಶವಾದವು, ಉಳಿದದ್ದು ಬೆರಳೆಣಿಕೆಯಷ್ಟು. 2009ರಲ್ಲಿ ಅದರ ಒಂದು ಪ್ರತಿ 25,000 ಪೌಂಡಿಗೂ ಹೆಚ್ಚು ಬೆಲೆಗೆ ಮಾರಾಟವಾಯಿತು. ಕಸವಾಗಬೇಕಿದ್ದ ಹಾಡಿಗೆ ಆ ಬೆಲೆ ತಂದುಕೊಟ್ಟವರು ಲ್ಯಾಂಕಾಶೈರಿನ ಗಿರಣಿ ಮಕ್ಕಳು, ತಮ್ಮ ಕಾಲುಗಳಿಂದ.

ನನ್ನ ಬಾಲ್ಯ ಇನ್ನೊಂದು ಗಣಿಯೂರಿನದು, ಕೆಜಿಎಫ್‌ನದು. ಪಕ್ಕದ ಆಂಗ್ಲೋ-ಇಂಡಿಯನ್ ಮನೆಯಲ್ಲಿ ಶನಿವಾರ ಸಂಜೆ ಕುರ್ಚಿಗಳನ್ನು ಗೋಡೆಗೆ ಸರಿಸುತ್ತಿದ್ದರು. ಗಣಿಯಿಂದ ಮೇಲೆ ಬಂದ ಯಜಮಾನರು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಷರಟು ತೊಟ್ಟು, ಹೆಂಡತಿಯ ಕೈ ಹಿಡಿಯುತ್ತಿದ್ದರು. ಸೋಲ್ ಗಾಯಕ ಒಟಿಸ್ ರೆಡಿಂಗ್ ಹೆಸರು ನನ್ನ ಕಿವಿಗೆ ಬಿದ್ದದ್ದು ಅಲ್ಲಿ. ಪದಗಳು ಒಂದೂ ತಿಳಿಯುತ್ತಿರಲಿಲ್ಲ. ಕಿಟಕಿಯ ಸರಳು ಹಿಡಿದು ನಿಂತ ನನ್ನ ಹಿಮ್ಮಡಿ ಮಾತ್ರ ತಾಳ ಹಾಕುತ್ತಿತ್ತು. ಆ ಗಾಯಕ 1967ರಲ್ಲಿ, 26ನೆಯ ವಯಸ್ಸಿಗೆ, ವಿಮಾನ ಅಪಘಾತದಲ್ಲಿ ತೀರಿಕೊಂಡದ್ದನ್ನು ನಾನು ಓದಿ ತಿಳಿದದ್ದು ಬಹಳ ವರ್ಷಗಳ ಮೇಲೆ. ಆ ದಿನ ಅತ್ತುಬಿಟ್ಟೆ. ಓದಿದ್ದಕ್ಕೆ ಅಳು ಬಂದದ್ದಲ್ಲ. ಆ ಹಿಮ್ಮಡಿಯ ನೆನಪಿಗೆ ಬಂತು.

ನಮ್ಮಲ್ಲಿ ಏನಾಗಿದೆ ನೋಡಿ. ಬೀರಪ್ಪನ ಗುಡಿಯ ಮುಂದೆ ಬಾರಿಸುತ್ತಿದ್ದ ಡೊಳ್ಳನ್ನು ಮಂತ್ರಿಗಳ ಸ್ವಾಗತಕ್ಕೆ ನಿಲ್ಲಿಸಿದ್ದೇವೆ. ಕೋಲಾಟ ಶಾಲಾ ವಾರ್ಷಿಕೋತ್ಸವದ ಐದು ನಿಮಿಷಕ್ಕೆ ಇಳಿದಿದೆ. ಮದುವೆಮನೆಯ ಕುಣಿತವನ್ನು ಹೇಳಿಕೊಡಲು ಹಣ ಕೊಟ್ಟು ಮೇಷ್ಟರನ್ನು ಕರೆಸುತ್ತೇವೆ, ಉಳಿದವರು ಮೊಬೈಲ್ ಎತ್ತಿ ಹಿಡಿಯುತ್ತಾರೆ. ಟಿವಿಯಲ್ಲಿ ಆರು ವರ್ಷದ ಮಗು ಕುಣಿದು ಮುಗಿಸಿ ತೀರ್ಪುಗಾರರ ಮುಖ ನೋಡುತ್ತದೆ. ಅಂಕಕ್ಕಲ್ಲದೆ, ಸುಮ್ಮನೆ ಸಂತೋಷಕ್ಕೆ ಕುಣಿದವರನ್ನು ನೀವು ಕೊನೆಯ ಬಾರಿ ಕಂಡದ್ದು ಯಾವಾಗ? ಕುಣಿಯುವ ಅಜ್ಜನನ್ನು ದಿನವೂ ಕಾಣುವ ನಿಮ್ಮ ಮೊಮ್ಮಕ್ಕಳು ಪುಣ್ಯವಂತರು.

ಅಳಿಯಂದಿರಿಗೆ ಜೇಮರ್‌ಸನ್ ಬಗ್ಗೆ ಹೇಳಿ, ಅವರು ಸಂತೋಷಪಡುತ್ತಾರೆ. ಆಮೇಲೆ ಅಡುಗೆಮನೆಗೆ ಕರೆಯಿರಿ. ಮತ್ತೊಂದು ಮಾತು, ಡಾಕ್ಟರೇ. ಇಷ್ಟೆಲ್ಲ ಬರೆದವರು ಆ ಹಾಡು ಯಾವುದೆಂದು ಬರೆಯಲೇ ಇಲ್ಲ. ಒಂದು ಕಾರ್ಡಿನಲ್ಲಾದರೂ ತಿಳಿಸಿ, ಕಾಯುತ್ತಿರುತ್ತೇನೆ.

— ಸಂಪಾದಕ