ವರ್ಗವಾಗಿ ಹೋಗುವ ಫಾದರ್ ಕೊನೆಯ ಭಾನುವಾರ ಏನು ಹೇಳಬೇಕು?

ಐದು ವರ್ಷ ಇದ್ದ ಧರ್ಮಕೇಂದ್ರದಿಂದ ಮೊದಲ ಸಲ ವರ್ಗ, ಜನ ಅಳುತ್ತಿದ್ದಾರೆ, ಕೊನೆಯ ಭಾನುವಾರ ಏನು ಹೇಳಲಿ, ಆಮೇಲೂ ಅವರ ಜೊತೆ ನಂಟು ಹೇಗೆ ಉಳಿಸಿಕೊಳ್ಳಲಿ ಅಂತ ಕೇಳಿದ್ದೀರಿ. ಎರಡನೇ ಪ್ರಶ್ನೆಯನ್ನು ಹೊಡೆದು ಹಾಕಿ ಫಾದರ್. ನಾನು ಕೆಟ್ಟಿದ್ದೇ ಅದರಿಂದ.

2009ರ ಮೇ ತಿಂಗಳು. ಮಲೆನಾಡಿನ ಕಾಫಿ ತೋಟಗಳ ನಡುವಿನ ಒಂದು ಚರ್ಚ್. ಏಳು ವರ್ಷ ಅಲ್ಲಿದ್ದೆ. ಕೊಂಕಣಿ ಮನೆಗಳು, ಲೈನ್ ಮನೆಗಳಲ್ಲಿ ತಮಿಳು ಕುಟುಂಬಗಳು, ಹಾಸನದ ಕಡೆಯಿಂದ ಬಂದ ಕನ್ನಡದವರು. ಪೂಜೆ ಕನ್ನಡದಲ್ಲಿ, ಜಗಳ ಮೂರೂ ಭಾಷೆಯಲ್ಲಿ. ವರ್ಗದ ಸುದ್ದಿ ಬಂದಾಗ ಪಾಲನಾ ಸಮಿತಿಯವರು ಬಿಷಪ್ಪರಿಗೆ ಮನವಿ ಕೊಡಲು ಸಹಿ ಸಂಗ್ರಹಿಸಿದ್ದರು. ಫ್ರಾನ್ಸಿನ ಆರ್ಸ್ ಎಂಬ ಹಳ್ಳಿಯ ಚರ್ಚಿನಲ್ಲಿ ಸಂತ ಜಾನ್ ಮರಿಯ ವಿಯಾನ್ನಿ 1818ರಿಂದ 1859ರಲ್ಲಿ ಸಾಯುವ ತನಕ ಇದ್ದರಲ್ಲ, ನಿಮ್ಮನ್ನು ಮಾತ್ರ ಯಾಕೆ ಕಳಿಸಬೇಕು ಅಂತ ಒಬ್ಬರ ವಾದ. ಆ ಸಂತರೇ ಊರು ಬಿಟ್ಟು ಓಡಿಹೋಗಲು ಒಂದಲ್ಲ, ಹಲವು ಸಲ ನೋಡಿದ್ದರು ಎಂಬುದನ್ನು ಯಾರೂ ನೆನೆಸಿಕೊಳ್ಳುವುದಿಲ್ಲ! ಮನವಿಯನ್ನು ನಾನು ತಡೆದೆ. ಅಷ್ಟು ಬುದ್ಧಿ ಇತ್ತು. ಅದಕ್ಕಿಂತ ಜಾಸ್ತಿ ಇರಲಿಲ್ಲ.

ವಿದಾಯದ ದಿನ ಎಲ್ಲ ಕಡೆ ಇರುವಂತೆ ಶಾಮಿಯಾನ, ಶಾಲು, ಪೇಟ, ಹಣ್ಣಿನ ಬುಟ್ಟಿ, ಕ್ಯಾಟಕಿಸಂ ಮಕ್ಕಳ ಡ್ಯಾನ್ಸ್, ಪೋರ್ಕ್ ಊಟ. ಪ್ರಬೋಧನೆಗೆ, ಅಂದರೆ ಪೂಜೆಯ ನಡುವಿನ ಉಪದೇಶಕ್ಕೆ, ಬೈಬಲ್ಲಿನ ಪ್ರೇಷಿತರ ಕಾರ್ಯಕಲಾಪಗಳ 20ನೇ ಅಧ್ಯಾಯ ತೆಗೆದುಕೊಂಡಿದ್ದೆ. ಸಂತ ಪೌಲ ಎಫೆಸದ ಚರ್ಚಿನ ಹಿರಿಯರನ್ನು ಮಿಲೇತಕ್ಕೆ ಕರೆಸಿ ಬೀಳ್ಕೊಳ್ಳುವ ಭಾಗ. ನೀವೂ ಅದನ್ನೇ ಆರಿಸುತ್ತೀರಿ, ನಾವೆಲ್ಲ ಅದನ್ನೇ ಆರಿಸುತ್ತೇವೆ. ಇನ್ನು ನನ್ನ ಮುಖ ನೀವು ಕಾಣುವುದಿಲ್ಲ ಎಂದು ಪೌಲ ಅಲ್ಲಿ ಹೇಳುತ್ತಾನೆ. ಅವರು ಕೊರಳು ತಬ್ಬಿಕೊಂಡು ಅಳುತ್ತಾರೆ, ಹಡಗಿನವರೆಗೂ ಹೋಗಿ ಕಳಿಸಿಬರುತ್ತಾರೆ. ಇದನ್ನೆಲ್ಲ ಚೆನ್ನಾಗಿ ವಿವರಿಸಿದೆ. ಆಮೇಲೆ ವೇದಿಕೆ ಹತ್ತಿ ಮೈಕ್ ಹಿಡಿದು ಅದಕ್ಕೆ ತದ್ವಿರುದ್ಧವಾಗಿ ಹೇಳಿದೆ: "ನಾನು ಎಲ್ಲಿಗೂ ಹೋಗ್ತಿಲ್ಲ. ಬರೀ ನೂರು ಕಿಲೋಮೀಟರ್. ಯಾವಾಗ ಬೇಕಾದ್ರೂ ಫೋನ್ ಮಾಡಿ, ಓಡಿ ಬರ್ತೀನಿ."

ಚಪ್ಪಾಳೆ ನಿಲ್ಲಲೇ ಇಲ್ಲ.

ಆ ಮಾತನ್ನು ಈ ಹದಿನೈದು ವರ್ಷದಲ್ಲಿ ಎಷ್ಟೋ ಸಲ ಬಿಡಿಸಿ ನೋಡಿದ್ದೇನೆ. ಜನರ ಮೇಲಿನ ಪ್ರೀತಿಯಿಂದ ಹೇಳಿದೆ ಅಂತ ಆಗ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ ಹೆದರಿಕೆಯಿಂದ ಹೇಳಿದ್ದು. ನಮಗೆ ಹೆಂಡತಿ ಮಕ್ಕಳಿಲ್ಲ. ಏಳು ವರ್ಷ ಒಂದೂರಲ್ಲಿದ್ದು, ಎರಡು ಸೂಟ್‌ಕೇಸ್, ನಾಲ್ಕು ಪೆಟ್ಟಿಗೆ ಪುಸ್ತಕ ಹಿಡಿದು ಹೊರಡಬೇಕು. ನಾಳೆ ಬೇರೆಯವರು ಅದೇ ಕುರ್ಚಿಯಲ್ಲಿ ಕೂತು ಅದೇ ಬಟ್ಟಲಲ್ಲಿ ಗಂಜಿ ಕುಡಿಯುತ್ತಾರೆ. ಮರೆತುಬಿಡ್ತಾರೇನೋ ಅಂತ ಒಳಗೆ ಹುಳ ಕೊರೆಯುತ್ತಿತ್ತು. ಅದಕ್ಕೇ ಅವರನ್ನು ಸಾಲಗಾರರನ್ನಾಗಿ ಮಾಡಿ ಬಂದೆ. ಇನ್ನೊಂದು, ಆ ಮಾತು ಹೇಳುವಾಗ ಹೊಸ ಫಾದರ್ ಮೊದಲ ಸಾಲಿನಲ್ಲೇ ಕೂತಿದ್ದರು. ಅವರ ಹೆಸರನ್ನು ನಾನು ಒಮ್ಮೆಯೂ ಎತ್ತಲಿಲ್ಲ.

ಫೋನ್‌ಗಳು ಶುರುವಾದವು. ಜುಲೈ ಮಳೆಯಲ್ಲಿ ಒಬ್ಬ ಮುದುಕರು ತೀರಿಕೊಂಡರು. "ಹಳೇ ಫಾದರ್ ಬರ್ತಾರೆ" ಅಂತ ಮನೆಯವರು ಮಣ್ಣು ಮಾಡಲು ಎರಡು ಗಂಟೆ ತಡ ಮಾಡಿದರು. ನಾನು ಘಾಟಿ ಹತ್ತಿ ಬರುವಷ್ಟರಲ್ಲಿ ಹೊಸ ಫಾದರ್ ಸಮಾಧಿ ಗೇಟಿನ ಹತ್ತಿರ ಕೊಡೆ ಹಿಡಿದು ನಿಂತಿದ್ದರು, ನಿಲುವಂಗಿ ಮೊಣಕಾಲಿನವರೆಗೆ ಕೆಸರು. ಅವರು ಏನೂ ಅನ್ನಲಿಲ್ಲ. ನನಗೂ ಏನೂ ಅನ್ನಿಸಲಿಲ್ಲ. ಹೆಮ್ಮೆಯೇ ಆಗಿತ್ತು.

ಮರುವರ್ಷ ಜನವರಿಯಲ್ಲಿ ಒಂದು ಮದುವೆ. ಆ ಹುಡುಗಿಯ ಕಾಲೇಜು ಸೀಟಿಗೆ ನಾನೇ ಓಡಾಡಿದ್ದೆ. ಮದುವೆ ನೀವೇ ಮಾಡಿಸಬೇಕು ಅಂದರು. ಆಯ್ತು ಅಂದೆ. ಹೊಸ ಫಾದರ್‌ಗೆ ನಾನು ಫೋನ್ ಮಾಡಲಿಲ್ಲ, ನೀವೇ ಹೇಳಿಬಿಡಿ ಅಂದೆ. ಮನೆಯವರು "ಹಳೇ ಫಾದರ್ ಬರ್ತಾರೆ" ಎಂದಷ್ಟೇ ಹೇಳಿದರು. ಅತಿಥಿಯಾಗಿ ಬರುತ್ತಾರೆ ಎಂದುಕೊಂಡರು ಹೊಸ ಫಾದರ್. ಅವತ್ತು ಬಿಷಪ್ಸ್ ಹೌಸಿನಲ್ಲಿ ಸಭೆ ಇದ್ದದ್ದರಿಂದ ಪಕ್ಕದ ಚರ್ಚಿನ ಕಿರಿಯ ಫಾದರ್‌ಗೆ ಆ ಒಂದು ಮದುವೆಯ ಮಟ್ಟಿಗೆ ಡೆಲಿಗೇಶನ್, ಅಂದರೆ ತಮ್ಮ ಬದಲಿಗೆ ಮದುವೆ ಮಾಡಿಸುವ ಅಧಿಕಾರ, ಕೊಟ್ಟು ಹೋಗಿದ್ದರು. ಆ ಹುಡುಗ ನನ್ನನ್ನು ನೋಡಿ ಮರ್ಯಾದೆಗೆ "ನೀವೇ ಮಾಡಿ ಫಾದರ್" ಅಂದ. ಮಾಡಿದೆ. ಅವನು ಹೋಗಿ ಕಾಯಿರ್ ಪಕ್ಕ ಕೂತ.

ಇಲ್ಲಿ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಸೆಮಿನರಿಯಲ್ಲಿ ಓದಿ ಮರೆತಿರುತ್ತೀರಿ. ಚರ್ಚ್ ಕಾನೂನಿನ 1108ನೇ ಕ್ಯಾನನ್ ಪ್ರಕಾರ ಮದುವೆಯ ಒಪ್ಪಿಗೆ ಕೇಳಿ ಪಡೆಯಬೇಕಾದವರು ಬಿಷಪ್ಪರು, ಆ ಧರ್ಮಕೇಂದ್ರದ ಗುರು, ಇಲ್ಲವೇ ಅವರಿಂದ ಡೆಲಿಗೇಶನ್ ಪಡೆದವರು. ಜೊತೆಗೆ ಇಬ್ಬರು ಸಾಕ್ಷಿಗಳು. ವರ್ಗವಾಗಿ ಹೋದವನಿಗೆ ಆ ಅಧಿಕಾರ ಇಲ್ಲ. ಪೂಜೆ ಅರ್ಪಿಸಬಹುದು, ಮದುವೆ ಮಾಡಿಸುವಂತಿಲ್ಲ. ಹುಡುಗ ನನಗೆ ಬಿಟ್ಟುಕೊಟ್ಟನಲ್ಲ ಅನ್ನಬಹುದು. ಒಂದು ಕೆಲಸಕ್ಕೆಂದು ಪಡೆದ ಡೆಲಿಗೇಶನ್ನನ್ನು ಇನ್ನೊಬ್ಬರಿಗೆ ದಾಟಿಸಲು, ಕೊಟ್ಟವರು ಸ್ಪಷ್ಟವಾಗಿ ಹೇಳಿರಬೇಕು, 137ನೇ ಕ್ಯಾನನ್. ಹೇಳಿರಲಿಲ್ಲ. ಅವನು ಚರ್ಚಿನೊಳಗೇ ಇದ್ದನಲ್ಲ ಎಂದರೂ ನಡೆಯುವುದಿಲ್ಲ, ಒಪ್ಪಿಗೆ ಕೇಳಿದ್ದು ನಾನು. ತಮಾಷೆ ಏನೆಂದರೆ, ಆ ಒಂದು ಮದುವೆಗೆ ಬಾಯಿಮಾತಿನ ಡೆಲಿಗೇಶನ್ ಸಾಕಿತ್ತು. ಗುರುಮನೆಯ ಲ್ಯಾಂಡ್‌ಲೈನ್ ಸಾಕ್ರಿಸ್ತಿಯಿಂದ, ಅಂದರೆ ಪೂಜೆಗೆ ಉಡುಪು ಹಾಕಿಕೊಳ್ಳುವ ಕೋಣೆಯಿಂದ, ಇಪ್ಪತ್ತು ಹೆಜ್ಜೆ ದೂರ. ನನ್ನ ಚರ್ಚಿನಲ್ಲಿ ಮದುವೆ ಮಾಡಿಸಲು ನಾನು ಯಾರನ್ನು ಕೇಳಬೇಕು ಎಂಬ ಭಾವ.

ರಾತ್ರಿ ಹೊಸ ಫಾದರ್ ಮದುವೆ ರಿಜಿಸ್ಟರ್ ತೆರೆದರೆ ನನ್ನ ಸಹಿ. ಬಿಷಪ್ಪರ ಕಚೇರಿಯಾದ ಚಾನ್ಸರಿಯಲ್ಲಿ ವಿಚಾರಿಸಿದರು. ಸಂಶಯ ಉಳಿಸಿಕೊಳ್ಳಬೇಡಿ, ಒಪ್ಪಿಗೆಯನ್ನು ಮತ್ತೆ ಪಡೆಯಿರಿ ಎಂದರಂತೆ. ನನಗೆ ಫೋನ್ ಮಾಡಿ ಹೇಳಿದರು: "ಮನೆಯವರಿಗೆ ನೀವೇ ಬಂದು ಹೇಳಿ ಫಾದರ್. ನಾನು ಹೇಳಿದರೆ ಹೊಟ್ಟೆಕಿಚ್ಚು ಅಂದುಕೊಳ್ತಾರೆ." ಅಂಥ ಹೆಸರು ಅವರಿಗೆ ಬರುವ ಹಾಗೆ ಮಾಡಿದ್ದು ನಾನೇ ತಾನೇ.

ಮೂರನೇ ದಿನ, ಚರ್ಚ್ ಆಫೀಸಿನಲ್ಲಿ, ಇಬ್ಬರು ಸಾಕ್ಷಿಗಳ ಎದುರು ಹತ್ತು ನಿಮಿಷದಲ್ಲಿ ಮುಗಿಯಿತು. ಒಪ್ಪಿಗೆ ಪಡೆದವರು ಹೊಸ ಫಾದರ್. ನಾನು ಬಾಗಿಲ ಹತ್ತಿರ ನಿಂತಿದ್ದೆ. ಹುಡುಗಿಯ ಕೈಯಲ್ಲಿ ಮೆಹಂದಿ ಇನ್ನೂ ಕೆಂಪಗಿತ್ತು. ಹೊರಗೆ ಬಂದು ಕೇಳಿದಳು, "ಹಾಗಾದ್ರೆ ಮೂರು ದಿನ ನಮ್ಮ ಮದುವೆಯೇ ಆಗಿರ್ಲಿಲ್ವಾ ಫಾದರ್?" ಉತ್ತರ ಇರಲಿಲ್ಲ. ಅವಳ ಮಗುವಿನ ದೀಕ್ಷಾಸ್ನಾನಕ್ಕೆ ನನ್ನನ್ನು ಕರೆಯಲಿಲ್ಲ.

ಹಾಗಾಗಿ ನಿಮ್ಮ ಕೊನೆಯ ಭಾನುವಾರಕ್ಕೆ ನಾನು ಹೇಳುವುದು ಇಷ್ಟು. ಮೂರು ನಿಮಿಷ ಮಾತಾಡಿ. ಯಾರಿಗಾದರೂ ನೋವು ಮಾಡಿದ್ದರೆ ಕ್ಷಮೆ ಕೇಳಿ. ಹೊಸ ಗುರುಗಳ ಹೆಸರನ್ನು ಗಟ್ಟಿಯಾಗಿ, ಎರಡು ಸಲ ಹೇಳಿ. ಬರ್ತೀನಿ ಅನ್ನಬೇಡಿ. ಒಂದು ವರ್ಷ ಆ ಕಡೆ ತಲೆ ಹಾಕಬೇಡಿ, ಊರ ಹಬ್ಬಕ್ಕೂ ಬೇಡ. ಚರ್ಚಿನ ವಾಟ್ಸಾಪ್ ಗುಂಪಿನಿಂದ ಅವತ್ತು ರಾತ್ರಿಯೇ ಹೊರಬನ್ನಿ. ಇದು ಕಲ್ಲು ಮನಸ್ಸು ಅಂತ ಕೆಲವರು ಅನ್ನುತ್ತಾರೆ, ಅನ್ನಲಿ.

ಭಾಷಣಕ್ಕಿಂತ ರಿಜಿಸ್ಟರ್ ನೋಡಿ. ದೀಕ್ಷಾಸ್ನಾನ, ಮದುವೆ, ಮರಣ, ಮೂರರಲ್ಲೂ ಸಹಿ ಬಾಕಿ ಇರಬಾರದು. ಜನ ಹಣ ಕೊಟ್ಟು ಬರೆಸಿದ ಪೂಜೆಗಳಲ್ಲಿ ಇನ್ನೂ ಅರ್ಪಿಸದವು ಇದ್ದರೆ ಹಣದ ಸಮೇತ ಒಪ್ಪಿಸಿ. ಯಾರು ಒಳ್ಳೆಯವರು, ಯಾರು ತರಲೆ ಎಂದು ಹೊಸಬರಿಗೆ ಹೇಳಿಕೊಡಬೇಡಿ. ಹಾಸಿಗೆ ಹಿಡಿದವರ ಪಟ್ಟಿ ಕೊಡಿ, ತಿಂಗಳ ಮೊದಲ ಶುಕ್ರವಾರ ಪರಮಪ್ರಸಾದ ಯಾವ ಯಾವ ಮನೆಗೆ ಹೋಗಬೇಕು, ಯಾರ ಮನೆಯಲ್ಲಿ ನಾಯಿ ಇದೆ ಎಂಬುದೂ ಸೇರಿ.

ಮೊನ್ನೆ ನನಗೆ ಮತ್ತೆ ವರ್ಗ ಆಯಿತು. ಇಲ್ಲೊಬ್ಬ ಅಜ್ಜಿ ಇದ್ದಾರೆ, ಎಂಬತ್ತು ದಾಟಿದೆ. "ನನ್ನ ಮಣ್ಣಿಗೆ ನೀವೇ ಬರಬೇಕು ಸ್ವಾಮಿ" ಅಂದರು. ನಾಲಿಗೆ ತುದಿಯವರೆಗೂ ಬಂತು. "ಬರೋದಿಲ್ಲ ಅಜ್ಜಿ, ಹೊಸ ಫಾದರ್ ಬರ್ತಾರೆ" ಅಂದೆ. ಅಜ್ಜಿ ಗೋಡೆ ಕಡೆ ತಿರುಗಿಕೊಂಡರು. ಅವತ್ತು ಕಾಫಿಯೂ ಸಿಗಲಿಲ್ಲ. ಬಂದವನೇ ಪಟ್ಟಿಯಲ್ಲಿ ಅವರ ಹೆಸರನ್ನು ಮೇಲಕ್ಕೆ ಹಾಕಿದೆ, ಪಕ್ಕದಲ್ಲಿ ಬರೆದೆ: ಎಡಗಿವಿ ಕೇಳಿಸುವುದಿಲ್ಲ, ಬಲಗಡೆ ಕೂರಿ.