ಓದುಗರು ಕೇಳಿದ್ದು: ಚೀನಾದ ದೇವಲೋಕದ ಧಾರಾವಾಹಿಗಳು

ಕಳೆದ ತಿಂಗಳು ಇದೇ ಪುಟದಲ್ಲಿ ‘ದಿ ಅನ್‌ಟೇಮ್ಡ್’ ಎಂಬ ಚೀನೀ ಧಾರಾವಾಹಿಯ ಬಗ್ಗೆ ನಾಲ್ಕು ಸಾಲು ಬರೆದಿದ್ದೆ. ಅದಕ್ಕೆ ಬಂದ ಪತ್ರಗಳನ್ನು ಓದಿ ಮನಸ್ಸು ತುಂಬಿತು. ಎಷ್ಟೊಂದು ಮನೆಗಳಲ್ಲಿ ರಾತ್ರಿ ಊಟದ ಪಾತ್ರೆ ತೊಳೆದಿಟ್ಟ ಮೇಲೆ ಇವನ್ನು ನೋಡುತ್ತಾರೆ! ಈ ಸಲದ ಪುಟ ಪೂರ್ತಿ ಆ ಪ್ರಶ್ನೆಗಳಿಗೇ ಮೀಸಲು.

ಮಗಳು ಮೊಬೈಲಿನಲ್ಲಿ ಚೀನೀ ಧಾರಾವಾಹಿ ನೋಡುತ್ತಾಳೆ. ನನಗೂ ಅವಳ ಜೊತೆ ಕೂತು ನೋಡುವ ಆಸೆ. ಆದರೆ ಐವತ್ತು, ಅರವತ್ತು ಕಂತು ಎಂದರೆ ಎದೆ ಝಲ್ ಎನ್ನುತ್ತದೆ. ಯಾವುದರಿಂದ ಶುರು ಮಾಡಲಿ?
– ಗೃಹಿಣಿ, ಸಾಗರ

‘ಲವ್ ಬಿಟ್ವೀನ್ ಫೇರಿ ಅಂಡ್ ಡೆವಿಲ್’ನಿಂದ ಶುರು ಮಾಡಿ. 2022ರದ್ದು, 36 ಕಂತು. 2020ರಲ್ಲಿ ಅಲ್ಲಿನ ಸರ್ಕಾರ, ಧಾರಾವಾಹಿಗಳು 40 ಕಂತು ದಾಟದಿದ್ದರೆ ಒಳ್ಳೆಯದು ಎಂದು ಹೇಳಿತು. ಹಾಗಾಗಿ ಅದರ ನಂತರ ಬಂದವು ಹೆಚ್ಚಾಗಿ ಚಿಕ್ಕವು.

ಇದರ ನಾಯಕಿ ಶ್ಯಾವೊ ಲಾನ್‌ಹುವಾ ಒಂದು ಆರ್ಕಿಡ್ ಗಿಡ. ಹೆಣ್ಣಿನ ರೂಪ ಪಡೆದು, ಜೀವಿಗಳ ಹಣೆಬರಹ ಬರೆದಿಟ್ಟ ಪುಸ್ತಕಗಳು ಹರಿದರೆ ಹೊಂದಿಸಿಕೊಡುವ ಕೆಲಸ ಮಾಡಿಕೊಂಡಿರುತ್ತಾಳೆ. ನಮ್ಮ ಚಿತ್ರಗುಪ್ತನ ಕಚೇರಿಯಂಥ ಜಾಗ ಅನ್ನಿ. ಮೂವತ್ತು ಸಾವಿರ ವರ್ಷ ಗೋಪುರದಲ್ಲಿ ಸೆರೆಯಾಗಿದ್ದ ದೊರೆಯೊಬ್ಬ ಅವಳ ಕೈತಪ್ಪಿನಿಂದ ಬಿಡುಗಡೆಯಾಗುತ್ತಾನೆ. ಪ್ರೀತಿ, ದುಃಖ, ಭಯ ಯಾವುದೂ ತಟ್ಟದಂತೆ ಅವನ ಅಪ್ಪನೇ ಅವನ್ನೆಲ್ಲ ಕಿತ್ತುಹಾಕಿರುತ್ತಾನೆ. ಅಂಥವನಿಗೆ ಈ ಹುಡುಗಿಯ ಜೊತೆ ಒಂದು ಮಂತ್ರದ ಗಂಟು ಬೀಳುತ್ತದೆ: ಅವಳಿಗೆ ಏನೇ ನೋವಾದರೂ ಅದು ಅವನಿಗೂ ತಟ್ಟುತ್ತದೆ. ಕೋಟಿ ಸೈನ್ಯಕ್ಕೆ ಹೆದರದವನು, ಇವಳು ಎಡವಿ ಬಿದ್ದಾಳು ಎಂದು ಹೆದರತೊಡಗುತ್ತಾನೆ. ವಾಂಗ್ ಹೆದಿ ಈ ಪಾತ್ರದಲ್ಲಿ ಮುಖ ಗಂಟಿಕ್ಕಿಕೊಂಡೇ ಕರಗುವ ಪರಿ ನಿಮಗೂ ಮಗಳಿಗೂ ಒಟ್ಟಿಗೇ ಹಿಡಿಸುತ್ತದೆ. ದಿನಕ್ಕೆ ಒಂದೇ ಕಂತು ನೋಡಿ, ನಡುವೆ ಮಾತಾಡಲು ಸಮಯ ಉಳಿಯುತ್ತದೆ.

ಶಾಪ, ತಪಸ್ಸು, ದೇವಲೋಕ, ಪುನರ್ಜನ್ಮ… ಇದೆಲ್ಲ ನಮ್ಮ ಪುರಾಣಗಳಿಂದಲೇ ಹೋದದ್ದಲ್ಲವೇ? ‘ಶ್ಯೆನ್‌ಶ್ಯಾ’ ಎಂದರೇನು?
– ಪದವಿ ವಿದ್ಯಾರ್ಥಿ, ಹುಬ್ಬಳ್ಳಿ

ಈ ಬಗೆಯ ಕಥೆಗಳಿಗೆ ಇಟ್ಟ ಹೆಸರೇ ಅದು. ‘ಶ್ಯೆನ್’ ಎಂದರೆ ಸಾವನ್ನು ಗೆದ್ದವರು, ‘ಶ್ಯಾ’ ಎಂದರೆ ನ್ಯಾಯಕ್ಕಾಗಿ ಕತ್ತಿ ಹಿಡಿಯುವವರು. ಹುಟ್ಟಿನಿಂದ ಸಾಮಾನ್ಯನಾದವನೂ ಸಾಧನೆಯಿಂದ ಅಮರನಾಗಬಹುದು ಎಂಬ ನಂಬಿಕೆ ಇದರ ಬೇರು. ಅದು ಚೀನಾದ್ದೇ ಆದ ದಾವ್ (ತಾವೋ) ಪಂಥದ್ದು. ಹೊಕ್ಕುಳ ಕೆಳಗೆ ಶಕ್ತಿ ಒಟ್ಟುಗೂಡಿ ‘ಚಿನ್ನದ ಗುಳಿಗೆ’ಯಾಗುತ್ತದೆ ಎನ್ನುತ್ತಾರಲ್ಲ, ಆ ಮಾತೂ ಅವರದೇ. ಈ ಕಥೆಗಳಲ್ಲಿ ಬರುವ ಒಂಬತ್ತು ಬಾಲದ ನರಿ ಎರಡು ಸಾವಿರ ವರ್ಷಕ್ಕೂ ಹಳೆಯದಾದ ಅವರ ‘ಶಾನ್ ಹಾಯ್ ಜಿಂಗ್’ ಗ್ರಂಥದಲ್ಲೇ ಇದೆ. ಕರ್ಮ, ಪುನರ್ಜನ್ಮ ಮಾತ್ರ ಬೌದ್ಧ ಧರ್ಮದ ಜೊತೆ ನಮ್ಮ ಕಡೆಯಿಂದ ನಡೆದುಹೋದವು. ಹಾಗಾಗಿ ಎಲ್ಲವೂ ನಮ್ಮದೇ ಎನ್ನುವುದು ಸರಿಯಲ್ಲ. ಸಂಬಂಧ ಇದೆ, ಅದು ನನಗೆ ಬಹಳ ಪ್ರಿಯವಾದ ಸಂಬಂಧ.

ಚೀನಾದಲ್ಲಿ 1986ರಲ್ಲಿ ಬಂದ ‘ಜರ್ನಿ ಟು ದ ವೆಸ್ಟ್’ ಧಾರಾವಾಹಿಯನ್ನು ಇವತ್ತಿಗೂ ಅಲ್ಲಿನ ಮಕ್ಕಳು ನೋಡುತ್ತಾರೆ. ನಿರ್ದೇಶಕಿ ಯಾಂಗ್ ಜಿಯೆ ಒಂದೇ ಕ್ಯಾಮೆರಾ ಇಟ್ಟುಕೊಂಡು 25 ಕಂತು ತೆಗೆದರು. ಅದರಲ್ಲಿ ಕಪಿರಾಯನ ಜೊತೆ ಪಶ್ಚಿಮಕ್ಕೆ ಹೊರಡುವ ಭಿಕ್ಷು ಯಾರು? ನಮ್ಮ ಶಾಲೆಯ ಪಠ್ಯದ ಹ್ಯೂಯೆನ್‌ತ್ಸಾಂಗ್! 7ನೇ ಶತಮಾನದಲ್ಲಿ ಇಲ್ಲಿಗೆ ಬಂದು, ನಮ್ಮ ಇಮ್ಮಡಿ ಪುಲಕೇಶಿಯನ್ನು ಹರ್ಷನಿಗೂ ಬಗ್ಗಿಸಲಾಗಲಿಲ್ಲ ಎಂದು ಬರೆದಿಟ್ಟ ಅದೇ ಯಾತ್ರಿಕ.

ಇನ್ನೊಂದು ಮಾತು. ಈ ಕಥೆಗಳಲ್ಲಿ ದೇವತೆಗಳು ಪದವಿ ಏರಬೇಕಾದರೆ ಭೂಮಿಗಿಳಿದು, ಮನುಷ್ಯರಾಗಿ ಹುಟ್ಟಿ, ಕಷ್ಟ ತಿಂದು ಸಾಯಬೇಕು. ಜಯ ವಿಜಯರ ಕಥೆ ಕೇಳಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ.

‘ಅನ್‌ಟೇಮ್ಡ್’ ಹತ್ತು ಕಂತು ನೋಡಿದೆ. ಒಬ್ಬೊಬ್ಬರಿಗೆ ಎರಡೆರಡು ಹೆಸರು, ಯಾರು ಯಾರೆಂದೇ ಗೊತ್ತಾಗುತ್ತಿಲ್ಲ. ಬಿಟ್ಟುಬಿಡಲೇ?
– ನಿವೃತ್ತ ಶಿಕ್ಷಕರು, ಮೈಸೂರು

ದಯವಿಟ್ಟು ಬಿಡಬೇಡಿ ಸರ್. ನಿಮಗೆ ತೊಡಕಾದ ಆ ಎರಡು ಹೆಸರಿನಲ್ಲೇ ಕಥೆಯ ರಸ ಇದೆ.

ಹಳೆಯ ಚೀನಾದಲ್ಲಿ ಹುಟ್ಟಿದಾಗ ಇಟ್ಟ ಹೆಸರು ಒಂದು, ದೊಡ್ಡವರಾದ ಮೇಲೆ ನಾಲ್ಕು ಜನ ಕರೆಯುವುದಕ್ಕೆ ಇನ್ನೊಂದು. ಹುಟ್ಟು ಹೆಸರಿನಿಂದ ಕರೆಯುವ ಸಲುಗೆ ಮನೆಯ ಹಿರಿಯರಿಗೆ, ತೀರಾ ಹತ್ತಿರದವರಿಗೆ ಮಾತ್ರ. ಲಾನ್ ವಾಂಗ್‌ಜಿಗೆ ಊರೆಲ್ಲ ಗೌರವ ಕೊಡುತ್ತದೆ. ಅವನ ಮನೆತನದ ನಿಯಮಗಳೇ ಮೂರು ಸಾವಿರ, ಬಂಡೆಗೆ ಕೆತ್ತಿಟ್ಟಿದ್ದಾರೆ. ಅಂಥವನನ್ನು ಪರಿಚಯವಾದ ಹೊಸತರಲ್ಲೇ ನಾಯಕ ವೇಯ್ ವೂಶ್ಯೆನ್ ಹುಟ್ಟು ಹೆಸರು ಹಿಡಿದು ‘ಲಾನ್ ಜಾನ್! ಲಾನ್ ಜಾನ್!’ ಎಂದು ಕೂಗುತ್ತಾನೆ. ದೊಡ್ಡ ವಿದ್ವಾಂಸರೊಬ್ಬರನ್ನು ಸಭೆಯಲ್ಲಿ ಅವರ ಅಜ್ಜಿ ಕರೆಯುವ ಮುದ್ದಿನ ಹೆಸರಿನಿಂದ ಕೂಗಿದ ಹಾಗೆ. ಲಾನ್ ವಾಂಗ್‌ಜಿ ಇವನನ್ನು ‘ವೇಯ್ ಯಿಂಗ್’ ಎಂದು ತಿರುಗಿ ಕರೆಯುವಾಗ ದನಿ ಕಂತಿನಿಂದ ಕಂತಿಗೆ ಹೇಗೆ ಬದಲಾಗುತ್ತದೆ, ಕೇಳಿಸಿಕೊಳ್ಳಿ. ಯಾರು ಯಾರನ್ನು ಏನೆಂದು ಕರೆದರು ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಳ್ಳಿ. ನಾನೂ ಹಾಗೇ ಮಾಡಿದ್ದೆ, ಹಾಲಿನ ಲೆಕ್ಕದ ಪುಸ್ತಕದ ಹಿಂದಿನ ಪುಟದಲ್ಲಿ.

ಎರಡನೇ ಕಂತನ್ನು ಮತ್ತೊಮ್ಮೆ ಹಾಕಿ ನೋಡಿ. ಸತ್ತು 16 ವರ್ಷವಾದ ವೇಯ್ ವೂಶ್ಯೆನ್ ಮರಳಿ ಬಂದಿದ್ದಾನೆ, ಮುಖವಾಡ ಹಾಕಿದ್ದಾನೆ. ಬೆಟ್ಟದಲ್ಲಿ ಅಪಾಯ ಬಂದಾಗ ಕೈಗೆ ಸಿಕ್ಕ ಬಿದಿರು ಕಡಿದು ಕೊಳಲು ಮಾಡುತ್ತಾನೆ. ಸ್ವರ ಸರಿಯಿಲ್ಲ, ಕಿವಿಗೆ ಕರ್ಕಶ. ಎದುರಿಗಿರುವವನನ್ನು ಶಾಂತಗೊಳಿಸಲು ಥಟ್ಟನೆ ಬೇರೊಂದು ರಾಗ ಹಿಡಿದು, ನುಡಿಸುತ್ತಲೇ ಹಿಂದೆ ಹಿಂದೆ ಹೆಜ್ಜೆ ಇಡುತ್ತಾನೆ. ಹಿಂದಿನಿಂದ ಒಂದು ಕೈ ಬಂದು ಅವನ ಮಣಿಕಟ್ಟು ಹಿಡಿಯುತ್ತದೆ. ಲಾನ್ ವಾಂಗ್‌ಜಿ! ಮಾತಿಲ್ಲ. ಆ ಪಾತ್ರದ ನಟ ವಾಂಗ್ ಯಿಬೊ ಮುಖದಲ್ಲಿ ಕಣ್ಣು ಬಿಟ್ಟರೆ ಬೇರೇನೂ ಅಲುಗುವುದಿಲ್ಲ.

ಆ ಹೊತ್ತಿಗೆ ನಮಗೆ ಏನೂ ತಿಳಿದಿರುವುದಿಲ್ಲ. ಅಲ್ಲಿಂದ ಕಥೆ ಹಿಂದಕ್ಕೆ ಹೋಗಿ ಮೂವತ್ತು ಕಂತು ಅಲ್ಲೇ ಇರುತ್ತದೆ. ನಡುವೆ ಒಂದು ಗುಹೆ, ಜ್ವರದಲ್ಲಿ ಬಿದ್ದಿರುವ ವೇಯ್ ವೂಶ್ಯೆನ್ ‘ಒಂದು ಹಾಡು ಹೇಳು’ ಎನ್ನುತ್ತಾನೆ. ಹಾಡುವ ಜಾತಿಯೇ ಅಲ್ಲದ ಲಾನ್ ವಾಂಗ್‌ಜಿ ಮೆಲ್ಲಗೆ ಗುನುಗುತ್ತಾನೆ. ಅದೇ ರಾಗ! ಲೋಕದಲ್ಲಿ ಇಬ್ಬರಿಗಷ್ಟೇ ಗೊತ್ತಿದ್ದ ರಾಗ. ಅಂದರೆ ಬೆಟ್ಟದಲ್ಲಿ ಕೈ ಹಿಡಿದ ಕ್ಷಣಕ್ಕೇ ಅವನಿಗೆ ಎಲ್ಲ ತಿಳಿದಿತ್ತು. ನಾನು ಗುಹೆಯ ದೃಶ್ಯ ನಿಲ್ಲಿಸಿ, ಎರಡನೇ ಕಂತು ಮತ್ತೆ ಹಾಕಿ, ರಾತ್ರಿ ಒಂದೂವರೆವರೆಗೆ ಕೂತಿದ್ದೆ. ನಿಮ್ಮಲ್ಲಿ ವೀಣೆ ಕಲಿತವರಿದ್ದರೆ ಅವರನ್ನೂ ಕೂರಿಸಿಕೊಳ್ಳಿ. ಲಾನ್ ವಾಂಗ್‌ಜಿಯ ಕೈಯಲ್ಲಿರುವ ‘ಗುಚಿನ್’ಗೂ ವೀಣೆಯ ಹಾಗೆ ಏಳು ತಂತಿ, ಆದರೆ ಮೆಟ್ಟಿಲುಗಳಿಲ್ಲ. ಆ ವಾದ್ಯದಿಂದ ಅವನು ಸತ್ತವರನ್ನು ಮಾತಾಡಿಸುತ್ತಾನೆ.

ತುಟಿಗೂ ಮಾತಿಗೂ ತಾಳೆಯಾಗುವುದಿಲ್ಲ. ನನ್ನ ಫೋನಿನ ದೋಷವೇ?
– ಓದುಗರು, ಶಿರಸಿ

ಅಲ್ಲ. ಅಲ್ಲಿ ಬಹಳಷ್ಟು ಧಾರಾವಾಹಿಗಳಿಗೆ ದನಿಯನ್ನು ಆಮೇಲೆ ಕಂಠದಾನ ಕಲಾವಿದರಿಂದ ಸೇರಿಸುತ್ತಾರೆ. ಲಾನ್ ವಾಂಗ್‌ಜಿಯ ದನಿ ಬಿಯೆನ್ ಜಿಯಾಂಗ್ ಅವರದು. ಎರಡು ಮೂರು ಕಂತಿನಲ್ಲಿ ಅಭ್ಯಾಸವಾಗುತ್ತದೆ.

ನಾನು ನರ್ಸ್. ದಿನಾ ನಿಜವಾದ ನೋವು ನೋಡುತ್ತೇನೆ, ಅಳುವುದಿಲ್ಲ. ಆದರೆ ‘ಎಟರ್ನಲ್ ಲವ್’ ನೋಡುವಾಗ ತಡೆಯಲಾಗುವುದಿಲ್ಲ. ಸಾವಿರಾರು ವರ್ಷ ಬದುಕುವ ದೇವತೆಗಳ ಕಷ್ಟಕ್ಕೆ ನನಗೇಕೆ ಅಳು?
– ಓದುಗರು, ಬೆಂಗಳೂರು

ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನನಗೆ ಕಂಡದ್ದನ್ನು ಹೇಳುತ್ತೇನೆ.

ಈ ಕಥೆಗಳಲ್ಲಿ ಕತ್ತಿ ಹಾರುವುದು, ಸಿಡಿಲು ಬೀಳುವುದು ಎಲ್ಲ ಚೆಂದವೇ. ನನ್ನನ್ನು ಹಿಡಿದಿಡುವುದು ಮಾತ್ರ ಅಲ್ಲಿ ಜನ ಕಾಯುವ ರೀತಿ. ನಮ್ಮ ಆಯಸ್ಸು ಗಿಡ್ಡ. ನಾವು ಕಾದದ್ದನ್ನು ಅಳೆಯಲು ಯಾರಿಗೂ ಪುರುಸೊತ್ತಿಲ್ಲ. ಅಲ್ಲಿ ಅದಕ್ಕೆ ಸಾವಿರಗಟ್ಟಲೆ ವರ್ಷದ ಜಾಗ ಕೊಡುತ್ತಾರೆ. 2017ರ ಈ ಧಾರಾವಾಹಿಯಲ್ಲಿ ಗುರು ಮೊ ಯುವಾನ್ ಯುದ್ಧದಲ್ಲಿ ಪ್ರಾಣ ಬಿಡುವಾಗ ಶಿಷ್ಯರಿಗೆ ಹೇಳುವುದು ಒಂದೇ ಮಾತು: ‘ನನಗಾಗಿ ಕಾಯಿರಿ.’ ಅಷ್ಟಕ್ಕೇ ಶಿಷ್ಯೆ ಬಾಯ್ ಚಿಯೆನ್, ಒಂಬತ್ತು ಬಾಲದ ನರಿಯಾದ ನಾಯಕಿ, ತನ್ನ ಎದೆಯ ರಕ್ತ ಕೊಟ್ಟು ಆ ದೇಹವನ್ನು ಗುಹೆಯಲ್ಲಿ 70,000 ವರ್ಷ ಕೆಡದಂತೆ ಉಳಿಸಿಕೊಳ್ಳುತ್ತಾಳೆ. ನಾಯಕ ಯೆ ಹುವಾನ ಪ್ರೇಮಕ್ಕಿಂತ ಈ ಗುರುಭಕ್ತಿಯೇ ನನಗೆ ದೊಡ್ಡದು.

ನಾನು ಇದನ್ನು ನೋಡಿದ್ದು ಅಮ್ಮ ಸೊಂಟದ ಮೂಳೆ ಮುರಿದುಕೊಂಡು ಹಾಸಿಗೆ ಹಿಡಿದಿದ್ದಾಗ. ರಾತ್ರಿ ನೋವಿಗೆ ಅವರಿಗೆ ನಿದ್ದೆ ಬರುತ್ತಿರಲಿಲ್ಲ. ಚೀನೀ ಮಾತು ತಿಳಿಯದು, ಇಂಗ್ಲಿಷ್ ಅಕ್ಷರ ಓದಲು ಬಾರದು. ನಾನೇ ಪಕ್ಕದಲ್ಲಿ ಕೂತು ಒಂದೊಂದೇ ಸಾಲು ಕನ್ನಡದಲ್ಲಿ ಹೇಳುತ್ತಿದ್ದೆ. 58 ಕಂತು, ಹೆಚ್ಚುಕಮ್ಮಿ ಎರಡು ತಿಂಗಳು. ಬಾಯ್ ಚಿಯೆನ್ ಅವರಿಗೆ ‘ನರಿ ಹುಡುಗಿ’. ಪ್ರತಿ ರಾತ್ರಿ ಟ್ಯಾಬ್ ತೆಗೆದ ಕೂಡಲೇ ಒಂದೇ ಪ್ರಶ್ನೆ: ‘ಗುರುಗಳು ಎದ್ದರೇನೇ?’

ಎದ್ದ ದಿನ ದಿಂಬು ಕೊಟ್ಟು ಕೂರಿಸು ಎಂದರು. ಗುಹೆಯಲ್ಲಿ ಮೊ ಯುವಾನ್ ಕಣ್ಣು ಬಿಟ್ಟು, ಅವಳನ್ನು ಹಳೆಯ ಹೆಸರಿನಿಂದ, ಹದಿನೇಳನೇ ಶಿಷ್ಯೆ ಅಂತ ‘ಹದಿನೇಳು’ ಎಂದೇ ಕರೆದಾಗ ಅಮ್ಮ ಪರದೆಗೆ ಕೈ ಮುಗಿದರು. ನಾನು ಆರಿಸಲು ಹೋದೆ. ಕೈ ಹಿಡಿದು ತಡೆದರು.

‘ಇರು. ಅವಳು ಎಷ್ಟು ವರ್ಷ ಕಾದಳು ಅಂತ ಅವರಿಗೆ ಯಾರಾದರೂ ಹೇಳ್ತಾರಾ, ನೋಡೋಣ.’